ವಸಯಿಯಿಂದ ಸೋಪಾರಕ್ಕೆ ಒಂದು ಸಕ್ಕರೆ ಪುಡಿ

ದಾದರ್ ಸ್ಟೇಷನ್ನಿನ ಸೇತುವೆಯ ನಡುವೆ ಅಪ್ಪ ಮತ್ತೆ ನಿಂತುಬಿಟ್ಟ. ಕೈಯಲ್ಲಿ ಬುತ್ತಿಯ ಗಂಟು, ತಲೆಯ ಮೇಲೆ ಕರಿ ಟೋಪಿ, ಮುಖದಲ್ಲಿ ಚಿಂತೆ.

"ಸುಮಿತ್ರಾ, ಇನ್ನೂ ಹೊತ್ತು ಮೀರಿಲ್ಲ. ಮನಿಗೇ ಬರ್ರಿ ಅಂತ ಅವರಿಗೆ ಹೇಳೂಣು. ಹೆಣ್ಣು ತೋರಸೂದು ಅಂದ್ರ ಮನ್ಯಾಗ ತೋರಸೂದು. ಹಾಳಬಿದ್ದ ಕ್ವಾಟ್ಯಾಗ ಯಾರರೆ ಹೆಣ್ಣು ತೋರಸ್ತಾರೇನು?"

"ನೀ ತೋರಸಬ್ಯಾಡಪಾ. ನಾ ನೋಡಾಕ ಹೊಂಟೀನಿ," ಎಂದು ಗಂಟು ಕಸಿದುಕೊಂಡು ಮುಂದೆ ನಡೆದೆ. ವಿರಾರ್ ಲೋಕಲ್ ಬರುವ ಹೊತ್ತಾಗಿತ್ತು.

ಧಾರವಾಡದಲ್ಲಿ ಕುಳಿತು ಇದನ್ನು ಓದುವವರು ಮೂಗಿನ ಮೇಲೆ ಬೆರಳಿಡುತ್ತಾರೆಂದು ನನಗೆ ಗೊತ್ತು. ಇಡಲಿ. ಬೈಕುಲ್ಲಾದ ನಮ್ಮ ಚಾಳಿನ ಒಂದೂವರೆ ಕೋಣೆಯಲ್ಲಿ ನಾನು ಎಷ್ಟು ಸಲ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದೇನೆ ಎಂಬುದು ಅವರಿಗೆ ಗೊತ್ತಿಲ್ಲ. ಬಂದವರು ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಸೂಜಿಗೆ ದಾರ ಪೋಣಿಸೆಂದರು, ಜಡೆ ಬಿಚ್ಚೆಂದರು, ಕುಂಟಿಯೋ ಎಂದು ಗೋಡೆಯಿಂದ ಗೋಡೆಗೆ ನಡೆಸಿದರು. ಒಬ್ಬರಿಗೆ ನನ್ನ ಬಣ್ಣ ಸೇರಲಿಲ್ಲ, ಇನ್ನೊಬ್ಬರಿಗೆ ಎತ್ತರ, ಉಳಿದವರಿಗೆ ಫೋರ್ಟಿನ ವಿಮಾ ಆಫೀಸಿನಲ್ಲಿ ನಾನು ಟೈಪ್ ಮಾಡುತ್ತೇನೆಂಬುದು. ಅವ್ವ ಬದುಕಿದ್ದಾಗ ಅವಳ ಸೆರಗು ಹಿಡಿದು ಅಳುತ್ತಿದ್ದೆ. ಅವಳು ಹೋದ ಮೇಲೆ ಅಳುವುದನ್ನು ಬಿಟ್ಟೆ. ಈ ಸಲ ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದೆ: ಇನ್ನು ಚಾಪೆಯ ಮೇಲೆ ಕೂಡುವುದಿಲ್ಲ. ನೋಡುವವರು ಒಂದು ಇಡೀ ದಿನ ನನ್ನ ಜೊತೆ ಬಿಸಿಲಲ್ಲಿ ತಿರುಗಲಿ. ನಾನೂ ಅವರನ್ನು ನೋಡುತ್ತೇನೆ.

ವರನ ತಾಯಿ ತುಂಗಾಬಾಯಿ ಬೆಳಗಾವಿಯವರು. ಸಾಂತಾಕ್ರೂಜಿನಲ್ಲಿದ್ದ ಅಣ್ಣನ ಮನೆಗೆ ಬಂದಿದ್ದರು. ನಾನು ಆರಿಸಿದ ವಸಯಿ ಕೋಟೆಯ ಹತ್ತಿರದ ನಿರ್ಮಳದ ದೇವಸ್ಥಾನಕ್ಕೆ ಒಮ್ಮೆ ಹೋಗಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತಂತೆ. ಹಾಗಾಗಿ ನನ್ನ ಹಟ ನಡೆಯಿತು, ಅವರ ಯಾತ್ರೆಯೂ ಆಗುವಂತಾಯಿತು.

ಬೋರಿವಲಿ ದಾಟಿದ ಮೇಲೆ ಗಾಡಿ ಹಗುರಾಯಿತು. ಸಂಕ್ರಾಂತಿ ಕಳೆದು ಒಂದು ವಾರ. ಕಿಟಕಿಯಿಂದ ಬರುವ ಗಾಳಿಗೆ ಇನ್ನೂ ಚಳಿಯ ಮೊನೆ ಇತ್ತು. ಭಾಯಂದರಿನ ಹತ್ತಿರ ಎರಡೂ ಕಡೆ ಉಪ್ಪಿನ ಗದ್ದೆಗಳು, ಬೆಳ್ಳಗಿನ ಉಪ್ಪಿನ ರಾಶಿಗಳು. ಆಮೇಲೆ ಖಾಡಿಯ, ಎಂದರೆ ಒಳನುಗ್ಗಿದ ಸಮುದ್ರದ, ಮೇಲಿನ ಉದ್ದನೆಯ ಸೇತುವೆ. ಕೆಳಗೆ ನೀರು, ಹಾಯಿ ಕಟ್ಟಿದ ದೋಣಿಗಳು. ಇಷ್ಟು ವರ್ಷ ಮುಂಬಯಿಯಲ್ಲಿದ್ದೂ ನಾನು ಈ ಸೇತುವೆ ದಾಟಿರಲಿಲ್ಲ.

ಸ್ಟೇಷನ್ನಿನ ಫಲಕದಲ್ಲಿ ಬೇಸಿನ್ ರೋಡ್ ಎಂದಿದೆ. ಊರಿನವರಿಗೆ ಅದು ವಸಯಿ. ಹೊರಗೆ ಟಾಂಗಾಗಳ ಸಾಲಿನ ಪಕ್ಕ ತುಂಗಾಬಾಯಿ ಮಗನೊಂದಿಗೆ ನಿಂತಿದ್ದರು. ಹಸಿರು ಇಳಕಲ್ ಸೀರೆ, ಮೂಗಿನಲ್ಲಿ ಮುತ್ತಿನ ನತ್ತು, ದುಂಡನೆಯ ಭಾರೀ ಶರೀರ. ಮಗ ವಸಂತರಾವ್ ಮುಂಬಯಿಯ ಸರಕಾರಿ ಕಚೇರಿಯಲ್ಲಿ ಕಾರಕೂನ. ತೆಳ್ಳಗಿನ ಮನುಷ್ಯ. ಕನ್ನಡಕ ಒರೆಸುವುದೇ ಅವರ ಮುಖ್ಯ ಉದ್ಯೋಗವೆಂದು ನನಗೆ ಕಂಡಿತು.

ವಸಯಿಯ ಕ್ರಿಸ್ತಿಯನ್ ಟಾಂಗಾವಾಲಾ ಒಬ್ಬನನ್ನು ಗೊತ್ತು ಮಾಡಿದೆ. ಹೆಸರು ಪಾಸ್ಕಲ್. ಕೋಟೆ, ನಿರ್ಮಳ, ಸೋಪಾರದ ಹಳೆಯ ದಿಬ್ಬ, ಕೊನೆಗೆ ನಾಲಾಸೋಪಾರಾ ಸ್ಟೇಷನ್. ದಿನವಿಡೀ ನಮಗಾಗಿಯೇ, ಹನ್ನೆರಡು ರೂಪಾಯಿ. ಕೊಡುವವಳು ನಾನೇ ಎಂದು ತಿಳಿದಾಗ ತುಂಗಾಬಾಯಿಯ ನತ್ತು ಒಂದಿಷ್ಟು ಅಲುಗಿತು.

ಹತ್ತುವಾಗಲೇ ತಕರಾರು. ತಾವು ಮತ್ತು ನಾನು ಹಿಂದೆ, ಗಂಡಸರು ಮುಂದೆ ಎಂದು ತುಂಗಾಬಾಯಿ ಅಪ್ಪಣೆ ಮಾಡಿದರು. ಪಾಸ್ಕಲ್ ಒಪ್ಪಲಿಲ್ಲ. ಟಾಂಗಾದಲ್ಲಿ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಕುದುರೆಯ ಕಾಲು ನೆಲಕ್ಕೆ ನಿಲ್ಲುವುದಿಲ್ಲ.

"ವಜನ್ ಬರಾಬರ್ ಪಾಯಿಜೆ, ಬಾಯಿ. ಆಪ್ ಆಗೇ ಬೈಠೋ," ಎಂದು ಅವರನ್ನು ತನ್ನ ಪಕ್ಕಕ್ಕೆ ಏರಿಸಿದ. ಅಪ್ಪ ಅವರ ಬದಿಗೆ ಮುದುಡಿ ಕೂತ. ಹೀಗೆ ತುಂಗಾಬಾಯಿಯ ತೂಕದ ದೆಸೆಯಿಂದ ವರನೂ ನಾನೂ ಹಿಂದಿನ ಸೀಟಿನಲ್ಲಿ, ಬಿಟ್ಟು ಬಂದ ದಾರಿಯನ್ನು ನೋಡುತ್ತ ಕೂಡಬೇಕಾಯಿತು.

ಆದರೆ ಟಾಂಗಾ ಹೊರಡಲಿಲ್ಲ. ಹೆಣ್ಣು ಕುದುರೆ, ಹೆಸರು ಚಾಂದನಿ. ಬಾಯಿಗೆ ಸಿಹಿ ಬೀಳದೆ ಹೆಜ್ಜೆ ಎತ್ತುವುದಿಲ್ಲವಂತೆ. ನಿಂತಲ್ಲೆಲ್ಲ ಮತ್ತೆ ಬೇಕಂತೆ. ಚಾಬೂಕು ಝಳಪಿಸಿದರೂ ಅದು ಕಿವಿ ಅಲ್ಲಾಡಿಸಲಿಲ್ಲ. ಬುತ್ತಿಯಲ್ಲಿದ್ದ ಬೆಲ್ಲದ ಉಂಡೆಯಿಂದ ಒಂದು ಚೂರು ಮುರಿದು ಕೊಟ್ಟೆ. ಚಪ್ಪರಿಸಿ ಹೊರಟಿತು. ನನಗೆ ಆ ಕುದುರೆಯ ಮೇಲೆ ಅಭಿಮಾನ ಹುಟ್ಟಿತು.

ಸ್ಟೇಷನ್ನಿನಿಂದ ಕೋಟೆಗೆ ಐದು ಮೈಲಿಯಷ್ಟು. ದಾರಿಯುದ್ದಕ್ಕೂ ಬಾಳೆಯ ತೋಟ, ಎಲೆಬಳ್ಳಿ, ಭಾವಿಯ ಮೇಲೆ ರಾಟೆ ತಿರುಗಿಸುವ ಎತ್ತು, ಸುಣ್ಣ ಬಳಿದ ಶಿಲುಬೆಗಳು. ಪೇಟೆಯಲ್ಲಿ ಒಣಗಿಸಿದ ಬಾಳೆಹಣ್ಣು ಕೊಂಡೆವು. ಇಲ್ಲಿ ಅದಕ್ಕೆ ಸುಕೇಳಿ ಎನ್ನುತ್ತಾರೆ, ಖರ್ಜೂರದಂತೆ ಅಂಟಂಟು, ಬಲು ರುಚಿ.

ಸುಕೇಳಿ ತಿನ್ನುತ್ತ ವಸಂತರಾವ್ ಕೇಳಿದರು. "ನಿಮಗ ನೌಕರಿ ಭಾಳ ಸೇರ್ತದೇನ್ರಿ?"

"ಸೇರ್ತದ್ರಿ. ಒಂದನೇ ತಾರೀಖಿಗೆ ಇನ್ನೂ ಭಾಳ ಸೇರ್ತದ."

ಅವರು ಜೋರಾಗಿ ನಕ್ಕರು. ಮುಂದಿನಿಂದ ತುಂಗಾಬಾಯಿ, "ಏನೋ ವಸಂತಾ ಅದು?" ಎಂದು ಕೇಳಿದಾಗ ನಗು ಅಲ್ಲೇ ನಿಂತಿತು. ಸುಳ್ಳೇಕೆ ಹೇಳಲಿ, ಆ ನಗು ನನಗೆ ಇಷ್ಟವಾಯಿತು. ಈ ಮನುಷ್ಯ ನೌಕರಿ ಬಿಡು ಎನ್ನದಿದ್ದರೆ ಆಗಲಿ ಎಂದುಬಿಡಬಹುದು ಅನಿಸಿತು. ಆ ಟೈಪ್‌ರೈಟರ್ ನನಗೆ ಬರೀ ಸಂಬಳವಲ್ಲ. ಅದರ ಮುಂದೆ ಕೂತಾಗ ಯಾರೂ ನನ್ನ ಜಡೆ ಬಿಚ್ಚಿಸುವುದಿಲ್ಲ.

ವಸಯಿಯ ಕೋಟೆ ಪೋರ್ಚುಗೀಸರು ಕಟ್ಟಿದ್ದು, ಮರಾಠರು ಹೋರಾಡಿ ಗೆದ್ದದ್ದು. ಈಗ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಮಾಡು ಹಾರಿಹೋದ ಇಗರ್ಜಿಗಳ ಒಳಗೆ ತಾಳೆಮರ ಬೆಳೆದಿವೆ. ನೆಲಕ್ಕೆ ಹಾಸಿದ ಗೋರಿಕಲ್ಲುಗಳ ಮೇಲೆ ಪರದೇಶಿ ಅಕ್ಷರಗಳು, ಅವುಗಳ ಮೇಲೆ ಮೇಕೆಗಳು. ಸಮುದ್ರದ ಬಾಗಿಲ ಹೊರಗೆ ಕೋಳಿ ಎಂಬ ಬೆಸ್ತರ ಜಾತಿಯ ಹೆಂಗಸರು ಬೊಂಬಿಲ್ ಮೀನನ್ನು ಹಗ್ಗಕ್ಕೆ ತೂಗುಹಾಕಿ ಒಣಗಿಸುತ್ತಿದ್ದರು. ತುಂಗಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೋಟೆ ನೋಡಿದರು.

"ತಂಗಿ, ಆ ಗ್ವಾಡಿತನಕ ಹೋಗಿ ಬಾ ನೋಡೂಣು," ಎಂದರು ನೆರಳಲ್ಲಿ ಕೂತು.

ಬಂತಲ್ಲ ನಡಿಗೆಯ ಪರೀಕ್ಷೆ! ಚಾಳಿನ ಗೋಡೆ ಬಿಟ್ಟು ಕೋಟೆಯ ಗೋಡೆಗೆ ಬಂದೆ, ಅಷ್ಟೇ.

"ಹೋಗ್ತೀನ್ರಿ ಮೌಶಿ. ಅವರೂ ಬರಲಿ. ಅವರ ನಡಿಗಿ ನಮ್ಮಪ್ಪ ನೋಡಬ್ಯಾಡೇನು?"

ಅಪ್ಪ ಕೆಮ್ಮಿದ. ತುಂಗಾಬಾಯಿ ಏನಾದರೂ ಹೇಳುವ ಮೊದಲೇ ನಾನು ಇಗರ್ಜಿಯ ಗೋಪುರದ ಮೆಟ್ಟಿಲು ಹಿಡಿದೆ. ವಸಂತರಾವ್ ಹಿಂದೆ ಬಂದರು. ಕತ್ತಲೆ, ಬಾವಲಿಯ ವಾಸನೆ, ಸವೆದ ಮೆಟ್ಟಿಲು. ಅರ್ಧಕ್ಕೆ ಬಂದಿರಬೇಕು, ಕೆಳಗಿನಿಂದ ಕೂಗು ಕೇಳಿಸಿತು: "ವಸಂತಾ, ಇಳಿಯೋ! ಬಿದ್ದುಗಿದ್ದೀ!" ಅವರು ನನ್ನ ಮುಖ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಇಳಿದು ಹೋದರು.

ನಾನು ಒಬ್ಬಳೇ ಮೇಲೆ ಹೋದೆ. ಅಬ್ಬಾ, ಆ ಸಮುದ್ರ! ಖಾಡಿ ಬಂದು ಸೇರುವ ಜಾಗ, ಆಚೆ ನಮ್ಮ ಮುಂಬಯಿಯ ಕಡೆಯ ನೀಲಿ ಗುಡ್ಡಗಳು, ಕೆಳಗೆ ಬೆಂಕಿಪೆಟ್ಟಿಗೆಯಷ್ಟು ಟಾಂಗಾ. ಗಾಳಿಗೆ ಜಡೆ ತಾನಾಗಿ ಬಿಚ್ಚಿಹೋಯಿತು. ಕಟ್ಟಿಕೊಳ್ಳಲಿಲ್ಲ, ಹಾಗೇ ಹಾರಲು ಬಿಟ್ಟೆ. ತುಂಗಾಬಾಯಿ ಕೆಳಗಿನಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನನ್ನ ಕೂದಲು ಅಸಲಿಯೆಂದು ಅವರಿಗೆ ಖಾತ್ರಿಯಾಗಿರಬೇಕು.

ಕೋಟೆಯ ಆಲದ ಕೆಳಗೆ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರನ್ನ. ಊಟ ತುಂಗಾಬಾಯಿಗೆ ಹಿಡಿಸಿತು. "ಕೈಯಾಗ ರುಚಿ ಅದ. ಇಂಥಾ ಕೈ ಟಪಟಪ ಮಷೀನ್ ಕುಟ್ಟಿ ಹಾಳಾಗಬಾರದು," ಎಂದರು. ಎಣ್ಣೆಗಾಯಿ ಮಾಡಿದವನು ಅಪ್ಪ. ಅದನ್ನು ಹೇಳಲೆಂದು ಬಾಯಿ ತೆರೆದೆ. ಅಪ್ಪ ಕಣ್ಣಲ್ಲೇ ಬೇಡಿಕೊಂಡ.

ನಿರ್ಮಳದಲ್ಲಿ ದೊಡ್ಡ ಕೆರೆ, ದಂಡೆಯ ಮೇಲೆ ದೇವಸ್ಥಾನ, ಜಾತ್ರೆಯಿಲ್ಲದ ದಿನದ ತಂಪು. ತುಂಗಾಬಾಯಿ ಮನಸಾರೆ ಕೈಮುಗಿದರು. ಹೊರಡುವಾಗ ಚಾಂದನಿ ಮತ್ತೆ ನಿಂತಿತು. ಉಳಿದಿದ್ದ ಬೆಲ್ಲವನ್ನೆಲ್ಲ ಅದಕ್ಕೇ ಹಾಕಿದೆ.

ಸೋಪಾರ ಒಂದು ಕಾಲಕ್ಕೆ ಬಂದರು. ಪರದೇಶಗಳ ಹಡಗು ಇಲ್ಲಿ ನಿಲ್ಲುತ್ತಿದ್ದವಂತೆ. ಈಗ ಸಮುದ್ರ ದೂರ ಸರಿದಿದೆ, ತಾಳೆಮರಗಳ ನಡುವೆ ಇಟ್ಟಿಗೆಯ ಒಂದು ದಿಬ್ಬ ಉಳಿದಿದೆ. ಬೌದ್ಧರ ಸ್ತೂಪ ಅದು. ಊರ ಜನ ಮಾತ್ರ ಬುರುಡ ರಾಜನ ಕೋಟೆ ಎನ್ನುತ್ತಾರೆ. ಬುರುಡರೆಂದರೆ ನಮ್ಮ ಕಡೆಯ ಮೇದಾರರು. ಬುಟ್ಟಿ ಹೆಣೆಯುವವನೊಬ್ಬ ಇಲ್ಲಿ ರಾಜನಾಗಿದ್ದನಂತೆ. ಆ ಕಥೆ ನನಗೆ ಸ್ತೂಪದಷ್ಟೇ ಹಿಡಿಸಿತು.

ದಿಬ್ಬದ ಸುತ್ತ ನಡೆಯುತ್ತ ವಸಂತರಾಯರನ್ನು ನೇರವಾಗಿ ಕೇಳಿದೆ. "ನಿಮ್ಮವ್ವಾರಿಗೆ ನಾ ನೌಕರಿ ಬಿಡಬೇಕು ಅಂತ ಅದ. ನೀವು ಏನಂತೀರಿ?"

"ನನಗೇನೂ ಅಡ್ಡಿಯಿಲ್ರಿ. ಆದ್ರ..."

"ಆದ್ರದ ಮುಂದಿಂದು ಹೇಳ್ರಿ."

ಕನ್ನಡಕ ಮತ್ತೆ ಕೈಗೆ ಬಂತು. "ಅವ್ವನ ಮಾತು ನಾ ಎಂದೂ ಮೀರಿಲ್ರಿ."

ಅವರು ಸುಳ್ಳು ಹೇಳಲಿಲ್ಲ, ಅದಕ್ಕೆ ಇಂದಿಗೂ ಗೌರವವಿದೆ. ಆದರೆ ಬೆಳಿಗ್ಗೆ ಕೇಳಿದ ಆ ನಗು ಸಿಕ್ಕಿ ಕಳೆದುಹೋದಂತೆ ಸಂಕಟವಾಯಿತು.

ಟಾಂಗಾದ ಬಳಿ ಬಂದಾಗ ಅಪ್ಪನ ಕೈಯಲ್ಲಿ ಕೆಂಪು ಕಾಗದದ ಒಂದು ಪುಡಿಕೆ ಇತ್ತು. ನೋಡಿದ ಕೂಡಲೇ ತಿಳಿಯಿತು. ನಮ್ಮ ಕಡೆ ಲಗ್ನ ಗೊತ್ತುಮಾಡುವುದೆಂದರೆ ಸಕ್ಕರೆ ಪುಡಿ ಕೊಡುವುದು. ವರನ ಕಡೆಯವರು ಕೊಟ್ಟ ಸಕ್ಕರೆಯನ್ನು ಹುಡುಗಿಯ ತಂದೆ ಬಾಯಿಗೆ ಹಾಕಿಕೊಂಡರೆ ಮಾತು ಪಕ್ಕಾ. ಆಮೇಲೆ ತಿರುಗಿಸಿದರೆ ಮಾನ ಹೋದ ಹಾಗೆ. ತುಂಗಾಬಾಯಿ ಬೆಳಿಗ್ಗೆಯಿಂದಲೇ ಅದನ್ನು ಚೀಲದಲ್ಲಿಟ್ಟುಕೊಂಡಿದ್ದರು.

"ಹುಡುಗಿ ನಮಗ ಪಸಂದ್ ಅದಾಳ," ಎಂದರು. "ಚೈತ್ರದಾಗ ಮುಹೂರ್ತ. ನಾಳೀಗೇ ಆಫೀಸಿಗೆ ರಾಜೀನಾಮಾ ಕೊಟ್ಟುಬಿಡ್ಲಿ. ಬಾಯಿ ಸಿಹಿ ಮಾಡ್ಕೋರಿ, ರಾಯರ."

"ಅಪ್ಪಾ, ನನ್ನ ಕೇಳದ ತಗೊಂಡಿ?"

ಅಪ್ಪನ ದನಿ ಇಳಿದಿತ್ತು. "ಮುಂದ ಚಾಚಿದ್ರವ್ವ. ಸಕ್ಕರಿ ಅದು, ಹ್ಯಾಂಗ ಬ್ಯಾಡ ಅನ್ಲಿ?"

"ಬಾಯಾಗ ಹಾಕೊಂಡಿಯೇನು?"

"ಇನ್ನೂ ಇಲ್ಲ."

ಆಗ ಪಾಸ್ಕಲ್ ಗಡಿಬಿಡಿ ಎಬ್ಬಿಸಿದ. ಗಾಡಿಗೆ ಹೊತ್ತಾಗಿತ್ತು, ಇದು ತಪ್ಪಿದರೆ ಮುಂದಿನದಕ್ಕೆ ಬಹಳ ಕಾಯಬೇಕು. ತುಂಗಾಬಾಯಿ ಮಾತು ಅಲ್ಲಿಗೇ ಬಿಟ್ಟು ಮುಂದಿನ ಸೀಟು ಏರಿದರು. ಪಾಸ್ಕಲ್ ಲಗಾಮು ಎಳೆದ. ಚಾಂದನಿ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಗುಡ್ ಹೈ ಕ್ಯಾ, ಬಾಯಿ?" ಬೆಲ್ಲ ಇದೆಯೇ ಎಂದು ಪಾಸ್ಕಲ್ ನನ್ನನ್ನು ಕೇಳಿದ. ಅದು ಮುಗಿದಿತ್ತು. ಸುಕೇಳಿಯೂ ಮುಗಿದಿತ್ತು. "ಕುಛ್ ತೋ ಮೀಠಾ ದೋ, ನಹೀ ತೋ ರಾತ್ ಇಧರೀಚ್." ಸಿಹಿ ಸಿಗದಿದ್ದರೆ ರಾತ್ರಿ ಇಲ್ಲೇ ಕಳೆಯಬೇಕೆಂದು ಅವನ ಗೋಳು.

ನಾನು ಅಪ್ಪನ ಕೈಯಿಂದ ಪುಡಿಕೆ ತೆಗೆದುಕೊಂಡೆ, ದಾರ ಹರಿದೆ, ಒಂದು ಹಿಡಿ ಸಕ್ಕರೆ ಅಂಗೈಗೆ ಸುರಿದು ಚಾಂದನಿಯ ಮುಂದೆ ಹಿಡಿದೆ.

"ಅಯ್ಯಯ್ಯ, ಶಿವನ! ಸಕ್ಕರಿ ಪುಡೀನ ಕುದರೀಗೆ ಹಾಕ್ತಾಳಲ್ರಿ! ರಾಯರ, ಹಿಡೀರಿ ನಿಮ್ಮ ಮಗಳನ್ನ!"

"ಮೌಶಿ, ಇದು ಬ್ಯಾಡ ಅನ್ನೂದಿಲ್ರಿ, ಹೂಂ ಅಂತದ. ನಾ ಮಾತ್ರ ಬ್ಯಾಡ ಅಂತೀನಿ. ನನ್ನ ನೌಕರಿ ನಾ ಬಿಡೂದಿಲ್ಲ, ನೌಕರಿ ಬಿಡಸೋರ ಮನಿಗೆ ನಾ ಬರೂದಿಲ್ಲ."

ಕುದುರೆಯ ಬೆಚ್ಚನೆಯ ನಾಲಿಗೆ ಅಂಗೈ ಒರೆಸಿ ಹಾಕಿತು. ಇನ್ನೂ ಬೇಕೆಂದು ಅದು ಕತ್ತು ಚಾಚಿತು. ಆಗ ಅಪ್ಪ ಮುಂದೆ ಬಂದ. ಬಯ್ಯುತ್ತಾನೆ ಅಂದುಕೊಂಡೆ. ಅವನು ನನ್ನ ಕೈಯಿಂದ ಕೆಂಪು ಕಾಗದ ತೆಗೆದುಕೊಂಡು, ಉಳಿದದ್ದನ್ನೆಲ್ಲ ತನ್ನ ಅಂಗೈಗೆ ಕೊಡವಿ, ಮೆಲ್ಲಗೆ ಚಾಂದನಿಯ ಬಾಯಿಗೆ ಹಿಡಿದ.

"ತಿನ್ನವ್ವ," ಎಂದ. "ಬಾಯಿ ಸಿಹಿ ಮಾಡ್ಕೊ."

ಚಾಂದನಿ ಹೊರಟಿತು. ಭಾರದ ಲೆಕ್ಕ ಬದಲಾಗಿರಲಿಲ್ಲ. ತುಂಗಾಬಾಯಿ ಮುಂದೆ, ಪಕ್ಕಕ್ಕೆ ಮುದುಡಿ ಅಪ್ಪ, ವಸಂತರಾಯರೂ ನಾನೂ ಹಿಂದೆ. ಗಾಡಿ ಬರುವ ಮೊದಲೇ ಸ್ಟೇಷನ್ ಮುಟ್ಟಿದೆವು. ಆ ಸಕ್ಕರೆಯ ಬಲದಿಂದಲೇ ತುಂಗಾಬಾಯಿಯವರಿಗೂ ಗಾಡಿ ಸಿಕ್ಕಿತು ಎಂಬುದನ್ನು ಹೇಳಬೇಕೆಂದು ನಾಲಿಗೆ ತುರಿಸಿತು. ತಡೆದುಕೊಂಡೆ. ಇಳಿಯುವಾಗ ವಸಂತರಾವ್ ಮೆಲ್ಲಗೆ, "ಗೋಪುರದ ಮ್ಯಾಲಿಂದ ಏನೇನ ಕಾಣಸ್ತಿತ್ರಿ?" ಎಂದು ಕೇಳಿದರು. "ಎಲ್ಲಾ ಕಾಣಸ್ತಿತ್ತು," ಎಂದೆ. ತಾಯಿ ಮಗ ಬೇರೆ ಡಬ್ಬಿಗೆ ಹೋದರು.

ಗಾಡಿ ಹೊರಟಾಗ ತಿರುಗಿ ನೋಡಿದೆ. ಚಾಂದನಿ ಸ್ಟೇಷನ್ನಿನ ಬೇಲಿಯಾಚೆ ನಿಂತು ಇನ್ನೂ ತುಟಿ ನೆಕ್ಕಿಕೊಳ್ಳುತ್ತಿತ್ತು.

ಖಾಡಿಯ ಸೇತುವೆಯ ಮೇಲೆ ಸೂರ್ಯ ಮುಳುಗಿದ. ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಚಾಳಿನವರಿಗೆ ಏನು ಹೇಳುವುದೆಂದು ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡೆ. ದಾದರಿನಲ್ಲಿ ಇಳಿದವನು ಸ್ಟೇಷನ್ನಿನ ಸೇತುವೆಯ ನಡುವೆ, ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ, ಮತ್ತೆ ನಿಂತ.

"ಲಗೂ ಲಗೂ ನಡಿ ಸುಮಿತ್ರಾ," ಎಂದ. "ಉಂಡು ಜಲ್ದಿ ಮಲಕೋಬೇಕು. ನಾಳೆ ನಿನಗ ಆಫೀಸ್ ಅದ."