ವಾರಗಿತ್ತಿಯ ಕರೆಂಟು ಕೋಲು

ಹಿತ್ತಿಲ ಕಟ್ಟೆಯ ಮೇಲೆ ಕೂತು ಅಕ್ಕಿ ಕೇರುತ್ತಿದ್ದೆ. ಮಗಳು ಒಳಗಿನಿಂದ ಓಡಿ ಬಂದಳು.

“ಅಮ್ಮಾ, ಚಿಕ್ಕಪ್ಪ ಬೊಂಬಾಯಿಂದ ಚಿಕ್ಕಮ್ಮಂಗೆ ಕರೆಂಟು ಕೋಲು ತಂದಿದಾರೆ! ಮುಖಕ್ಕೆ ಹಿಡಿದ್ರೆ ಮೊಡವೆ ಹೋಗ್ತದಂತೆ!”

ಕೈಯಲ್ಲಿದ್ದ ಮೊರ ನಿಂತಿತು. ನನ್ನವರು ಹಿಂದಿನ ಸಲ ಶಿವಮೊಗ್ಗದಿಂದ ನನಗೆಂದು ತಂದದ್ದು ಒಗ್ಗರಣೆ ಸೌಟು.

ಅರವತ್ತರ ದಶಕದ ಮಾತು. ಸಾಗರದ ಪೇಟೆಯಲ್ಲಿ ಅಣ್ಣ ತಮ್ಮಂದಿರ ಎರಡು ಸಂಸಾರ, ಅತ್ತೆ, ಎಲ್ಲರಿಗೂ ಒಂದೇ ಒಲೆ. ಮೈದುನನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವನು ತಂದ ಪೆಟ್ಟಿಗೆಯೊಳಗೆ ಕರಿಯ ಹಿಡಿ, ಅದರ ತುದಿಗೆ ಸಿಕ್ಕಿಸುವ ಗಾಜಿನ ನಳಿಗೆ. ಕರೆಂಟು ಕೊಟ್ಟರೆ ನಳಿಗೆಯೊಳಗೆ ನೇರಳೆ ಬೆಳಕು ಓಡಾಡುತ್ತಿತ್ತು. ಕೆನ್ನೆಗೆ ತಾಗಿಸಿದರೆ ಚಿಟಿಚಿಟಿ ಸದ್ದು, ಜೊತೆಗೆ ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದ ಮೇಲೆ ಬರುವಂಥ ವಾಸನೆ. ವಾರಗಿತ್ತಿಯ ಮುಖ ಆ ಬೆಳಕಿನಲ್ಲಿ ದೇವಿಯ ಮುಖದ ಹಾಗೆ ಕಾಣುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಸಹಿಸಲಾಗಲಿಲ್ಲ.

“ಅದನ್ನ ಹಚ್ಚೋವಾಗ ಬಾಗ್ಲು ಕಿಟಕಿ ಹಾಕ್ಕೋ ಮಾರಾಯ್ತಿ,” ಎಂದರು ಅತ್ತೆ ಅವಳಿಗೆ. “ಮುಖದ ಮೇಲೆ ಯಾರ ಕಣ್ಣೂ ಬೀಳಬಾರ್ದು.”

ಯಾರ ಕಣ್ಣು? ಅತ್ತೆಯನ್ನು ಬಿಟ್ಟರೆ ಮನೆಯಲ್ಲಿ ಇನ್ನೊಂದು ಹೆಂಗಸು ಅಂತ ಇದ್ದವಳು ನಾನೊಬ್ಬಳೇ.

ಅಷ್ಟಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಮೈದುನ, “ಈ ವಾಸನೆ ಎದೆಗೆ ಒಳ್ಳೇದಂತೆ ಅತ್ತಿಗೆ, ಗುಡ್ಡದ ಗಾಳಿ ಇದ್ದಂಗೆ. ಪಾಪುಗೆ ಉಬ್ಬಸ ಅಲ್ವಾ, ಒಳಗೆ ಕೂತ್ಕೊಳ್ಲಿ,” ಎಂದ. ಅಂದಿನಿಂದ ಸಂಜೆಯಾದರೆ ಸಾಕು, ನನ್ನ ಮಗಳು ಚಿಕ್ಕಮ್ಮನ ಕೋಣೆಯಲ್ಲಿ. ಹಾಕಿದ ಬಾಗಿಲ ಹಿಂದೆ ಇಬ್ಬರೂ ಕಿಲಕಿಲ ನಗುವುದು ಅಡುಗೆಮನೆಗೆ ಕೇಳುತ್ತಿತ್ತು. ಜಡೆ ಹಾಕಿಸಿಕೊಳ್ಳುವುದೂ ಅಲ್ಲೇ. ದೇವರ ಮುಂದೆ ದೀಪ ಹಚ್ಚಿ, ನೀನು ಕೊಟ್ಟದ್ದು ಬೇಕಾದಷ್ಟಿದೆ, ಗಂಡ ಕುಡಿಯುವುದಿಲ್ಲ, ಬಾವಿ ಬತ್ತುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಕಿವಿ ಮಾತ್ರ ಆ ಬಾಗಿಲಿಗೇ ಅಂಟಿರುತ್ತಿತ್ತು.

ಆಮೇಲೆ ನಗುವಿನ ನಡುವೆ ಕೆಮ್ಮು ಕೇಳತೊಡಗಿತು. ಎದೆಯೊಳಗೆ ಸುಂಯ್ ಅನ್ನುವ ಸದ್ದು ಹಗಲಲ್ಲೂ ನಿಲ್ಲಲಿಲ್ಲ.

“ಅತ್ತೇ, ಆ ಕೋಣೆಗೆ ಹೋಗಿ ಬಂದ ಮೇಲೇ ಇವಳಿಗೆ ಜಾಸ್ತಿ ಆಗ್ತಿದೆ. ಇನ್ನು ಕಳಿಸೋದು ಬೇಡ.”

“ನಿಂಗೆ ಎಂತ ಹೊಟ್ಟೆಕಿಚ್ಚು ಮಾರಾಯ್ತಿ! ನಿಂಗೆ ತಂದ್ಕೊಡ್ಲಿಲ್ಲ ಅಂತ ಮಗೂಗೂ ಬೇಡ್ವಾ?”

ಹೊಟ್ಟೆಕಿಚ್ಚು ನಿಜ, ಕೆಮ್ಮೂ ನಿಜ. ಆದರೆ ಹೊಟ್ಟೆಕಿಚ್ಚಿನವಳ ಮಾತು ಯಾರಿಗೆ ಬೇಕು? ನನ್ನವರು ಕೂಡ ಪೇಪರಿನಿಂದ ಮುಖ ಎತ್ತಲಿಲ್ಲ.

ಒಂದು ಸಂಜೆ ಆ ಕೋಣೆಯಲ್ಲೇ ಮಗಳಿಗೆ ಉಸಿರು ಕಟ್ಟಿತು. ದೃಷ್ಟಿಯೇ ಆಗಿದೆ ಎಂದು ಅತ್ತೆ ಕೆಂಡ ತರಿಸಿ, ಉಪ್ಪು ಮೆಣಸು ನಿವಾಳಿಸಿ ಅಲ್ಲೇ ಕೆಂಡಕ್ಕೆ ಹಾಕಿಬಿಟ್ಟರು. ಕಿಟಕಿ ಮುಚ್ಚಿಯೇ ಇತ್ತು. ಘಾಟು ಸೇರಿ ಮಗುವಿನ ತುಟಿ ನೀಲಿಯಾಯಿತು. ನಾನು ಯಾರನ್ನೂ ಕೇಳದೆ ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಅಲ್ಲಿಂದ ನನ್ನವರೂ ನಾನೂ ಡಾಕ್ಟರ ಮನೆಗೆ.

ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರು ಎಲ್ಲ ವಿಚಾರಿಸಿದರು. “ಮೆಣಸಿನ ಹೊಗೆ ಕೊನೇಲಿ ಸೇರಿದ್ದು, ಮೂಲ ಅದಲ್ಲ. ಆ ಕೋಲಿಂದ ಬರೋ ವಾಸನೆಗೆ ಓಝೋನ್ ಅಂತಾರೆ. ಎದೆಗೆ ಒಳ್ಳೇದಲ್ಲ, ಉಸಿರಿನ ಕೊಳವೇನ ಕೆರಳಿಸ್ತದೆ. ಮುಚ್ಚಿದ ಕೋಣೇಲಿ ತುಂಬ್ಕೊಂಡು ಬಿಡ್ತದೆ. ಉಬ್ಬಸದ ಮಗೂನ ಹತ್ರಾನೂ ಬಿಡಬೇಡಿ. ದೊಡ್ಡೋರು ಹಚ್ಚಿದ್ರೂ ಕಿಟಕಿ ತೆಗೆದಿಟ್ಟು, ಸ್ವಲ್ಪ ಹೊತ್ತು, ಅಷ್ಟೆ.”

ನನ್ನವರು ದಾರಿಯುದ್ದಕ್ಕೂ ಮಗಳನ್ನು ತಾವೇ ಹೊತ್ತು ತಂದರು. ಅತ್ತೆಗೆ ಡಾಕ್ಟರ ಮಾತನ್ನು ಹೇಳಿದ್ದೂ ಅವರೇ. ವಾರಗಿತ್ತಿ ಕಣ್ಣೊರೆಸಿಕೊಂಡು, “ನಂಗೆ ಗೊತ್ತಿರ್ಲಿಲ್ಲ ಅಕ್ಕ,” ಎಂದಳು. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಅದು ಕಣ್ಮರೆಯಾಗುವುದನ್ನು ಕೆಳಗೆ ನಿಂತು ನೋಡಿದೆ. ಇನ್ನು ಮಗಳು ನನ್ನ ಹತ್ತಿರವೇ ಎಂದುಕೊಂಡೆ.

ಅವಳು ಸುಧಾರಿಸಿಕೊಂಡ ಮೇಲೆ, ಒಂದು ಸಂಜೆ ಬಾಚಣಿಗೆ ಹಿಡಿದು ಕೂಗಿದೆ. ಉತ್ತರ ಚಿಕ್ಕಮ್ಮನ ಕೋಣೆಯಿಂದ ಬಂತು.

“ನೀನು ಎಳ್ದು ಎಳ್ದು ಕಟ್ತೀಯ ಅಮ್ಮಾ. ಚಿಕ್ಕಮ್ಮ ನೋವಾಗ್ದಂಗೆ ಕಟ್ತಾರೆ.”

ಬಾಗಿಲು ತೆರೆದೇ ಇತ್ತು, ಕಿಟಕಿಯೂ. ನೇರಳೆ ಬೆಳಕಿಲ್ಲ, ವಾಸನೆಯಿಲ್ಲ. ಮಗಳು ಅವಳ ಮಡಿಲಿಗೆ ಒರಗಿ ಏನೋ ಹೇಳಿ ನಕ್ಕಳು. ನಡುವೆ ಒಮ್ಮೆಯೂ ಉಸಿರಿಗೆ ತಡಕಾಡದೆ ಪೂರ್ತಿ ನಕ್ಕಳು. ದೇವರು ಕರುಣಾಮಯಿ. ಆ ನಗು ನನ್ನ ಮಡಿಲಲ್ಲಿ ಆಗಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದೂ ಅನ್ನಿಸಿತು.

ನೆನೆಹಾಕಿದ ಉದ್ದು ಕಾಯುತ್ತಿತ್ತು. ಒರಳಿಗೆ ನೀರು ಹೊಯ್ದು, ತೊಳೆದು, ರುಬ್ಬಲು ಕೂತೆ.