ಬಾಣಂತಿ ಕೋಣೆಗೆ ಬಂದ ಗುಣವತಿಯಮ್ಮ

ಉಪ ವಲಯ ಅರಣ್ಯಾಧಿಕಾರಿಯಾಗಿ ಈಗ ನಿವೃತ್ತರಾಗುತ್ತಿರುವ ಗುಣವತಿಯವರಿಗೆ ಉಡುಪಿ ಜಿಲ್ಲೆಯ ಅರಣ್ಯ ಸೇವೆಯಲ್ಲಿ ಒಂದು ವಿಶಿಷ್ಟ ಸ್ಥಾನವಿದೆ. ವನ್ಯಜೀವಿ ಎಂದ ಕೂಡಲೇ ನಮ್ಮೆಲ್ಲರ ಕಣ್ಣು ಕುದುರೆಮುಖದ ಕಡೆಗೆ ಹೋಗುತ್ತದೆ. ಆದರೆ ಚಳಿಗಾಲಕ್ಕೆ ದೂರದ ಶೀತದೇಶಗಳಿಂದ ಬಂದು ಕಾಪು, ಪಡುಬಿದ್ರಿಯ ಕೆಸರುಗದ್ದೆಗಳಲ್ಲಿ ಇಳಿಯುವ ಪುಟ್ಟ ಗೊರವ ಹಕ್ಕಿಗಳಿಗೂ ಅದೇ ಕಾನೂನಿನ ಆಸರೆ ಉಂಟೆಂದು ಈ ಭಾಗದ ಮನೆಮನೆಗೆ ತಿಳಿಸಿದವರು ಅವರು.

ಬಜಗೋಳಿಯಲ್ಲಿ ಅರಣ್ಯ ರಕ್ಷಕಿಯಾಗಿ ಸೇವೆ ಆರಂಭಿಸಿ, ಮರಗಳ್ಳರ ಲಾರಿಗಳನ್ನು ಅಡ್ಡಗಟ್ಟಿ ಹೆಸರಾದ ಮೇಲೆ ಅವರು ಕರಾವಳಿಗೆ ವರ್ಗವಾಗಿ ಬಂದರು. ನಾನು ಅವರನ್ನು ಮೊದಲು ಕಂಡದ್ದು ನನ್ನ ಬಾಣಂತಿ ಕೋಣೆಯಲ್ಲಿ.

ಅದು ನನ್ನ ಚೊಚ್ಚಲ ಹೆರಿಗೆ. ಮಗನಿಗೆ ಹಾಲು ಸಾಲುತ್ತಿರಲಿಲ್ಲ. ನೋಡಲು ಬಂದ ಹೆಂಗಸರು ಮೊದಲು ನನ್ನ ಎದೆಯನ್ನು ನೋಡಿ, ಆಮೇಲೆ ಮಗುವನ್ನು ನೋಡುತ್ತಿದ್ದರು. ಅವನು ಅತ್ತಾಗಲೆಲ್ಲ ಯಾರೋ ನನ್ನ ಹೆಸರು ಹಿಡಿದು ದೂರು ಹೇಳಿದಂತಾಗುತ್ತಿತ್ತು. ಗದ್ದೆ ಹಕ್ಕಿಯ ಸಾರು ಕುಡಿದರೆ ಹಾಲು ಇಳಿಯುತ್ತದೆಂಬ ನಂಬಿಕೆ ಆಗ ನಮ್ಮ ಕೇರಿಯಲ್ಲಿ ಜಾತಿಮತದ ಭೇದವಿಲ್ಲದೆ ಇತ್ತು. ನನ್ನ ಉಮ್ಮ, ಅಂದರೆ ತಾಯಿ ಆಸ್ಯಾ, ಬಲೆ ಹಾಕುವವನೊಬ್ಬನಿಂದ ಜೀವಂತ ಗೊರವಗಳನ್ನು ತರಿಸಿದರು.

ಬಲೆಯವನು ಗದ್ದೆಯಲ್ಲೇ ಅರಣ್ಯ ಇಲಾಖೆಯವರ ಕೈಗೆ ಸಿಕ್ಕಿಬಿದ್ದು, ಕೊಂಡವರ ಹೆಸರು ಹೇಳಿದ. ಜೀಪಿನ ಸದ್ದು ಕೇಳಿದ್ದೇ ಉಮ್ಮ ಹಕ್ಕಿಯ ಬುಟ್ಟಿಯನ್ನು ನನ್ನ ಮಂಚದಡಿಗೆ ತಳ್ಳಿದರು. ಬಾಣಂತಿ ಕೋಣೆಗೆ ಗಂಡಸರು ಬರುವುದಿಲ್ಲವೆಂಬ ಧೈರ್ಯ ಅವರಿಗೆ. ಬಂದವರಲ್ಲಿ ಒಬ್ಬ ಹೆಂಗಸೂ ಇದ್ದಾರೆಂದು ಅವರು ಎಣಿಸಿರಲಿಲ್ಲ.

ಗುಣವತಿಯವರು ಬೂಟು ಕಳಚಿಟ್ಟು ಒಳಗೆ ಬಂದರು. ಅಳುತ್ತಿದ್ದ ಮಗುವನ್ನು ಎತ್ತಿಕೊಂಡು ನನ್ನ ಪಕ್ಕ ಕುಳಿತರು. ಮಂಚದಡಿಯಲ್ಲಿ ರೆಕ್ಕೆ ಬಡಿದ ಸದ್ದು.

"ಎಂತ ಉಮ್ಮಾ, ಮೇಲೆ ಒಂದು ಮಗು. ಕೆಳಗೆ ಎಷ್ಟು?"

ಉಮ್ಮ ಸಿಡಿದರು. "ನನ್ನ ಮಗಳಿಗೆ ಹಾಲಿಲ್ಲ. ಹೆತ್ತವರಿಗೆ ಗೊತ್ತಾಗ್ತದೆ ಆ ಸಂಕಟ. ನೀವು ಹೆತ್ತಿದ್ದೀರಾ?"

"ಇಲ್ಲ ಉಮ್ಮಾ," ಎಂದರು ಅವರು. ಮಗುವಿನ ಬೆನ್ನು ಸವರುತ್ತಿದ್ದ ಕೈ ಕ್ಷಣ ನಿಂತು, ಮತ್ತೆ ಸವರತೊಡಗಿತು.

ಕಾನೂನನ್ನು ಅವರು ಸಡಿಲಿಸಲಿಲ್ಲ. ಹಕ್ಕಿಗಳನ್ನು ವಶಪಡಿಸಿಕೊಂಡರು, ಉಮ್ಮನ ಮೇಲೆ ಪ್ರಕರಣ ದಾಖಲಿಸಿದರು. ಆದರೆ ಬಾಣಂತಿಯನ್ನು ಒಂಟಿಯಾಗಿ ಬಿಡಬಾರದೆಂದು ಮೇಲಧಿಕಾರಿಗಳನ್ನು ಕೇಳಿ, ಉಮ್ಮನನ್ನು ಕಚೇರಿಗೆ ಕರೆದೊಯ್ಯದೆ ಹೇಳಿಕೆಯನ್ನು ನಮ್ಮ ಜಗಲಿಯಲ್ಲೇ ಬರೆಸಿಕೊಂಡರು. ಸಂಜೆ ಮತ್ತೆ ಬಂದರು, ಸೀರೆಯುಟ್ಟು. ಜೊತೆಗೆ ಮಣಿಪಾಲದಲ್ಲಿ ದಾದಿಯಾಗಿದ್ದ ಅವರ ಗೆಳತಿ ಆಂಜೆಲಾ. ಮಗುವನ್ನು ನಾನು ಹಿಡಿಯುತ್ತಿದ್ದ ರೀತಿಯಲ್ಲಿ ಅವನ ಬಾಯಿ ಮೊಲೆಗೆ ಸರಿಯಾಗಿ ಕೂರುತ್ತಲೇ ಇರಲಿಲ್ಲ. ಆಂಜೆಲಾ ನನ್ನ ಮೊಣಕೈಯಡಿಗೆ ದಿಂಬಿಟ್ಟು ಕಲಿಸಿದರು. ಹಾಲು ದಿನದಿಂದ ದಿನಕ್ಕೆ ಹೆಚ್ಚಿತು. ಮಗ ಮೊದಲ ಬಾರಿ ಹೊಟ್ಟೆ ತುಂಬಿ ಮಲಗಿದಾಗ ನಾನು ಅತ್ತದ್ದನ್ನು ಉಮ್ಮ ಕಂಡೂ ಕಾಣದಂತೆ ಹೊರಗೆ ಹೋದರು.

ನ್ಯಾಯಾಲಯದಲ್ಲಿ ಉಮ್ಮ ತಪ್ಪೊಪ್ಪಿಕೊಂಡು ದಂಡ ತೆತ್ತರು. ಹೆಸರು ಕೂಗುವವರೆಗೂ ಅವರ ಪಕ್ಕದಲ್ಲಿ ಕುಳಿತಿದ್ದವರು ಪ್ರಕರಣ ಹಾಕಿದ ಗುಣವತಿಯವರೇ.

ಅಂದಿನಿಂದ ಗದ್ದೆಯಲ್ಲಿ ಬಲೆ ಹುಡುಕುವುದರ ಜೊತೆಗೆ, ಚಳಿಗಾಲಕ್ಕೆ ಮುನ್ನ ಬಸುರಿಯರಿರುವ ಮನೆಗಳಿಗೆ ಆಂಜೆಲಾರನ್ನು ಕರೆದುಕೊಂಡು ಹೋಗುವುದು ಅವರ ಕ್ರಮವಾಯಿತು. "ನಿಮ್ಮದು ಅರಣ್ಯ ಇಲಾಖೆಯಾ, ಹೆರಿಗೆ ಇಲಾಖೆಯಾ ಮಾರಾಯ್ರೆ?" ಎಂದು ಜೊತೆಯವರು ನಗುತ್ತಿದ್ದರು. ಶಿಕ್ಷಕಿಯಾದ ನಾನೂ ಶಾಲೆಯ ಕೆಲಸ ಮುಗಿಸಿ ಎಷ್ಟೋ ಸಲ ಅವರೊಂದಿಗೆ ನಡೆದಿದ್ದೇನೆ. ಹಕ್ಕಿಯ ಮಾತು ಎತ್ತುವ ಮೊದಲು ಅವರು ಹೆಂಗಸಿನ ಮಾತು ಕೇಳಿಸಿಕೊಳ್ಳುತ್ತಿದ್ದರು. ಬಲೆಗಳು ಪೂರ್ತಿ ನಿಂತಿಲ್ಲ. ಆದರೆ ನಮ್ಮ ಕೇರಿಯ ಬಾಣಂತಿ ಕೋಣೆಗಳಿಂದ ಈಗ ಯಾರೂ ಹಕ್ಕಿಗೆ ಹೇಳಿ ಕಳುಹಿಸುವುದಿಲ್ಲ.

ಗುಣವತಿಯಮ್ಮನಿಗೆ ಆಯುರಾರೋಗ್ಯ ದೊರೆಯಲೆಂದು ಪ್ರಾರ್ಥಿಸುತ್ತೇನೆ. ವಿಶ್ರಾಂತಿಯನ್ನೂ ಹಾರೈಸುವವಳಿದ್ದೆ, ಉಮ್ಮ ಬಿಡಲಿಲ್ಲ. ನನ್ನ ತಂಗಿ ನುಸೈಬಾಳಿಗೆ ಮುಂದಿನ ತಿಂಗಳು ಹೆರಿಗೆ. "ಪೆನ್ಶನ್ ಆದರೆ ಆಗಲಿ, ಬಾಣಂತಿ ಹತ್ತಿರ ಕೂರಲಿಕ್ಕೆ ಅವರೇ ಬೇಕು ಅಂತ ಬರೆ," ಎಂದಿದ್ದಾರೆ.