ಬೊಮ್ಮಿಯ ಕಾಲಿಗೆ ಹಗ್ಗದ ಪಟ್ಟಿ

ಜ್ವರ ಬಿಟ್ಟ ಬೆಳಿಗ್ಗೆ ಬೊಮ್ಮಿ ಚಾಪೆಯಿಂದ ಏಳಲು ಹೋದಳು.

ಕಾಲು ಬರಲಿಲ್ಲ.

ತಾಯಿತಂದೆ ಇಲ್ಲದ ಮಗು, ತಮಿಳು ಸೀಮೆಯ ಕಂಬಂನಲ್ಲಿ ನಮ್ಮ ಪಕ್ಕದ ಮನೆಯವಳು. ಗಾಡಿ ಕಟ್ಟಿಸಿ ದಿಂಡಿಗಲ್‌ನ ಆಶ್ರಮಕ್ಕೆ ಕರೆದೊಯ್ದೆ. ಕಾಲು ಸೋತ, ಕಣ್ಣಿಲ್ಲದ, ಮಾತು ಬಾರದ ಮಕ್ಕಳೆಲ್ಲ ಅಲ್ಲಿದ್ದರು. ಬಿಟ್ಟು ಬರಲು ಹೋದವಳು ನಾನೂ ಅಲ್ಲೇ ಉಳಿದೆ. ವಿಧವೆಗೆ ಮನೆಯಲ್ಲಿ ಯಾವ ರಾಜ್ಯ ಮುಳುಗುತ್ತಿತ್ತು! ಕೂಲಿ ಕೇಳಲಿಲ್ಲ. ಮಕ್ಕಳಿಗೆ ಉಣಿಸಿದೆ, ಮೀಯಿಸಿದೆ, ಬೈದೆ.

“ಸ್ಪ್ಲಿಂಟ್ ಕಟ್ಟಿದ್ರೆ ನಿಲ್ಲಬಹುದು. ಇಲ್ಲಾಂದ್ರೆ ಜೀವನಪೂರ್ತಿ ತೆವಳೋದೇ,” ಎಂದರು ಆಶ್ರಮದ ಡಾಕ್ಟರ್.

ಮರದ ಪಟ್ಟಿ, ತೊಗಲಿನ ಬಾರು. ಕಂಡದ್ದೇ ತಡ ಬೊಮ್ಮಿ ಕಿರುಚಿದಳು. ಒದೆಯಲು ಕಾಲಿಗೆ ಬಲವಿಲ್ಲ, ಡಾಕ್ಟರ ಕೈಯನ್ನೇ ಕಚ್ಚಿದಳು. ಹಟಮಾರಿ ಎಂದು ಮೇಟ್ರನ್ ಅಮ್ಮ ಬೈದರು. ನಾನೂ ಗದರಿದೆ. ಅವಳು ನನ್ನ ಸೆರಗು ಜಗ್ಗಿ ಕಿವಿಯಲ್ಲಿ ಹೇಳಿದಳು:

“ಅತ್ತೇ, ಅದು ಹಸು ತೊಗಲು. ಸಾಮಿ ತೊಗಲ ಕಾಲ್ಗೆ ಕಟ್ತಾರಾ?”

ಗದರುವುದು ಬಿಟ್ಟೆ. ಕಂಬಂನ ನಮ್ಮ ಕುಲದವರಿಗೆ ಊರಿನ ದನದ ಮಂದೆಯೇ ದೇವರು. ಆ ದೊಡ್ಡಿಗೆ ಚಪ್ಪಲಿ ಮೆಟ್ಟಿ ಯಾರೂ ಕಾಲಿಡುವುದಿಲ್ಲ. ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಿದೆ. ಪುಣ್ಯಾತ್ಮ, ನಗಲಿಲ್ಲ.

“ತೊಗಲೇ ಆಗ್ಬೇಕೂಂತಿಲ್ಲಮ್ಮಾ. ಬಿಗಿಯಾಗಿ ನಿಂತ್ರೆ ಸಾಕು. ನೀವೇ ಏನಾದ್ರೂ ಮಾಡಿ ನೋಡಿ.”

ಬಾರಿನ ಬದಲು ಹತ್ತಿಯ ಹಗ್ಗ ಹೊಸೆದೆ. ಅದು ಜಾರಿತು. ಬೊಮ್ಮಿ ಮುಗ್ಗರಿಸಿ ತುಟಿ ಒಡೆದುಕೊಂಡಳು. ಅವಳಿಗಿಂತ ಹೆಚ್ಚು ಅತ್ತವಳು ನಾನು. ಆದರೆ ಬಿಡುವ ಜಾತಿಯೇ ನಾನು? ಕರುವಿನ ಕೊರಳಿಗೆ ಹೆಣೆಯುವಂತೆ ಸೆಣಬಿನ ಹುರಿಯನ್ನು ಅಗಲವಾಗಿ ಹೆಣೆದು, ಒಳಗೆ ಹಳೆಯ ಸೀರೆಯ ಬಟ್ಟೆ ಹೊಲಿದೆ. ಎಲುಬಿಗೆ ಒತ್ತದಂತೆ ಎಲ್ಲಿ ಬಿಗಿಯಬೇಕೆಂದು ಡಾಕ್ಟರ್ ತೋರಿಸಿಕೊಟ್ಟರು.

ಆಮೇಲೆ ದಿನವೂ ಅದೇ: ಹರಳೆಣ್ಣೆ ತಿಕ್ಕುವುದು, ಕಟ್ಟುವುದು, ಗೋಡೆ ಹಿಡಿಸಿ ನಿಲ್ಲಿಸುವುದು, ಅವಳು ಬೈಯುವುದು, ನಾನು ತಿರುಗಿ ಬೈಯುವುದು. ಇಷ್ಟೆಲ್ಲ ಯಾಕೆ, ತೆವಳಿದರೂ ಬದುಕೇ ಅಲ್ಲವೇ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅವಳಿಗೆ ಮಾತ್ರ ಹಾಗೆ ಅನ್ನಿಸಲೇ ಇಲ್ಲ.

ಮೊನ್ನೆ ಗೋಡೆ ಬಿಟ್ಟಳು.

ಮಕ್ಕಳೆಲ್ಲ ಹೋ ಎಂದು ಕೂಗಿದರು. ಸ್ಪ್ಲಿಂಟ್ ಬಿಚ್ಚಿದರೆ ಅವಳು ನಿಲ್ಲಲಾರಳು. ಅದಿಲ್ಲದೆ ಎಂದಿಗೂ ನಿಲ್ಲದೆಯೂ ಇರಬಹುದು ಎನ್ನುತ್ತಾರೆ ಡಾಕ್ಟರ್. ಇರಲಿ ಬಿಡಿ, ಹುರಿ ಹೆಣೆಯಲು ನನ್ನ ಕೈ ಗಟ್ಟಿಯಾಗಿದೆ. ಅಂಗಳದಲ್ಲಿ ಎರಡೂ ಕೈ ಚಾಚಿ ಕೂತೆ. ನನ್ನ ಹತ್ತಿರವೇ ಬರುತ್ತಾಳೆಂದುಕೊಂಡೆ. ಕಳ್ಳಿ, ನನ್ನನ್ನು ದಾಟಿ ನಡೆದೇ ಹೋದಳು! ಆಶ್ರಮದ ಹಾಲಿನ ಹಸು ಕಟ್ಟಿದ್ದ ಕಡೆಗೆ. ಅದರ ಕೊರಳು ತಬ್ಬಿ ಏದುಸಿರಲ್ಲೇ ಹೇಳಿದಳು:

“ಅಮ್ಮಾ, ನಿನ್ ತೊಗಲಿಲ್ದೇ ನಡ್ದು ಬಂದೆ, ನೋಡು.”